ಶ್ರೀಲಂಕಾದಲ್ಲಿ ನಡೆದದ್ದು ಒಂದೇ ಯುದ್ಧವಲ್ಲ

ಶ್ರೀಲಂಕಾದ ಯುದ್ಧ ಅಂದರೆ ಸಿಂಹಳೀಯರು ಒಂದು ಕಡೆ, ತಮಿಳರು ಇನ್ನೊಂದು ಕಡೆ ಅಂತಲೇ ನಮ್ಮಲ್ಲಿ ಜಾಸ್ತಿ ಜನ ಮಾತಾಡುತ್ತಾರೆ. ಆದರೆ ಅಲ್ಲಿ ಒಂದರಿಂದ ಇನ್ನೊಂದು ಹುಟ್ಟಿ ನಾಲ್ಕೈದು ಯುದ್ಧಗಳೇ ನಡೆದವು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಅದನ್ನು ನಾವು ಬಾಯಿಬಿಟ್ಟು ಹೇಳಬೇಕು.

ತಮಿಳರ ಸಂಕಟ ಸುಳ್ಳಲ್ಲ. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆಯಾಯಿತು. 70ರ ದಶಕದಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ತಮಿಳು ಹುಡುಗರು ಸಿಂಹಳ ಹುಡುಗರಿಗಿಂತ ಹೆಚ್ಚು ಅಂಕ ತೆಗೆಯಬೇಕಾಯಿತು. 1981ರಲ್ಲಿ ಉತ್ತರದ ತಮಿಳು ನಗರ ಜಾಫ್ನಾದ ಲೈಬ್ರರಿ ಸುಟ್ಟುಹೋಯಿತು, ಸುಮಾರು 97,000 ಪುಸ್ತಕಗಳ ಸಮೇತ. 1983ರ ಜುಲೈನಲ್ಲಿ ಕೊಲಂಬೊದ ಗುಂಪುಗಳು ಮತದಾರರ ಪಟ್ಟಿ ಹಿಡಿದುಕೊಂಡು ತಮಿಳರ ಮನೆಗಳನ್ನು ಹುಡುಕಿ ಹುಡುಕಿ ಸುಟ್ಟವು. ಇಷ್ಟಾದ ಮೇಲೆ ರಕ್ತ ಕುದಿಯದೆ ಇರುತ್ತಾ?

ಆ ಸಿಟ್ಟಿಗೆ ಬಂದೂಕು ಕೊಟ್ಟವರು ನಾವು. ತಮಿಳುನಾಡಿನಲ್ಲಿ, ಡೆಹ್ರಾಡೂನ್ ಹತ್ತಿರದ ಚಕ್ರಾತಾದಲ್ಲಿ ತರಬೇತಿ ನಡೆಯಿತು. ಎಲ್‌ಟಿಟಿಇ, ಟೆಲೊ, ಇಪಿಆರ್‌ಎಲ್‌ಎಫ್ ಹೀಗೆ ಹಲವು ತಮಿಳು ಬಂಡುಕೋರ ಗುಂಪುಗಳಿಗೆ. ದೆಹಲಿಗೆ ಈಳಂ, ಅಂದರೆ ತಮಿಳರ ಪ್ರತ್ಯೇಕ ದೇಶ, ಬೇಕಿರಲಿಲ್ಲ. ಲಂಕಾದ ಅಧ್ಯಕ್ಷ ಜಯವರ್ಧನೆ ಸರ್ಕಾರ ಬಗ್ಗಿದರೆ ಸಾಕಿತ್ತು. ಹುಡುಗರು ಮಾತ್ರ ಈಳಂಗಾಗಿಯೇ ಸಾಯಲು ಹೊರಟಿದ್ದರು. ಬೇರೆಯವರ ಮಕ್ಕಳ ಪ್ರಾಣ ಇಟ್ಟು ಇಂಥ ಲೆಕ್ಕಾಚಾರ ಹಾಕಿದ್ದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಹೊರಗಿನಿಂದ ಬಂದ ಬಂದೂಕು ಮೊದಲು ತೀರ್ಮಾನ ಮಾಡುವುದು ಆ ಜನರ ಪರವಾಗಿ ಮಾತಾಡುವವರು ಯಾರು ಅನ್ನುವುದನ್ನು. 1986ರಲ್ಲಿ ಹುಲಿಗಳು, ಅಂದರೆ ಎಲ್‌ಟಿಟಿಇಯವರು, ಟೆಲೊ ಹುಡುಗರನ್ನು ಬೇಟೆಯಾಡಿ ಕೊಂದರು. ಮಾತುಕತೆಯಲ್ಲಿ ನಂಬಿಕೆ ಇಟ್ಟಿದ್ದ ಹಿರಿಯ ನಾಯಕ ಅಮೃತಲಿಂಗಂ ಅವರನ್ನು 1989ರಲ್ಲಿ ಕೊಲಂಬೊದ ಮನೆಯಲ್ಲೇ ಮುಗಿಸಿದರು. ಅದೇ ವರ್ಷ ಸೆಪ್ಟೆಂಬರ್ 21ರಂದು ರಜನಿ ತಿರಣಗಮ ಹೋದರು. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಪಾಠ ಮಾಡುತ್ತಿದ್ದ ಡಾಕ್ಟರ್. ಒಂದು ಕಾಲದಲ್ಲಿ ಗಾಯಗೊಂಡ ಹುಲಿಗಳಿಗೆ ಚಿಕಿತ್ಸೆ ಕೊಟ್ಟವರು. ಆಮೇಲೆ ಹುಲಿಗಳು, ಲಂಕಾ ಸೇನೆ, ನಮ್ಮ ಸೇನೆ, ಯಾರ ತಪ್ಪನ್ನೂ ಮುಚ್ಚಿಡದೆ ಬರೆದರು. ಸೈಕಲ್ ತುಳಿದುಕೊಂಡು ಮನೆಗೆ ಹೋಗುತ್ತಿದ್ದಾಗ ಗುಂಡು ಹೊಡೆದರು. ಕೊಂದದ್ದು ಹುಲಿಗಳೇ ಅಂತ ಅವರ ಮನೆಯವರು ಹೇಳುತ್ತಾರೆ.

ಇತ್ತ ದಕ್ಷಿಣದಲ್ಲಿ ಇನ್ನೊಂದು ಬೆಂಕಿ. 1987ರ ಜುಲೈನಲ್ಲಿ ಭಾರತಕ್ಕೂ ಲಂಕಾಕ್ಕೂ ಒಪ್ಪಂದವಾಗಿ ನಮ್ಮ ಶಾಂತಿಪಾಲನಾ ಪಡೆ ಇಳಿದದ್ದೇ ತಡ, ಭಾರತಕ್ಕೆ ದೇಶ ಮಾರಿದರು ಅಂತ ಸಿಂಹಳ ಎಡಪಂಥೀಯ ಪಕ್ಷ ಜೆವಿಪಿ ದಂಗೆ ಎದ್ದಿತು. ಅದರ ಕೊಲೆಗಳು, ಅದನ್ನು ಹತ್ತಿಕ್ಕಿದ ಸರ್ಕಾರದ ಕೊಲೆಗಳು ಸೇರಿ ಹತ್ತಾರು ಸಾವಿರ ಜನ ಸತ್ತರು. ಸತ್ತವರು ಬಹುತೇಕ ಸಿಂಹಳೀಯರು, ಕೊಂದವರೂ ಸಿಂಹಳೀಯರು. 1987ರ ಅಕ್ಟೋಬರ್ ಹೊತ್ತಿಗೆ ನಮ್ಮ ಪಡೆಯೇ ಹುಲಿಗಳ ಜೊತೆ ಯುದ್ಧಕ್ಕೆ ಬಿದ್ದಿತ್ತು. ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಅಲ್ಲಿ ಪ್ರಾಣ ಬಿಟ್ಟರು. ನಮ್ಮ ಪಡೆಯನ್ನು ಓಡಿಸಲು ಅಧ್ಯಕ್ಷ ಪ್ರೇಮದಾಸ ತಮ್ಮ ಶತ್ರುಗಳಾದ ಹುಲಿಗಳಿಗೇ ಆಯುಧ ಕೊಟ್ಟರು!

1990ರಲ್ಲಿ ಸರದಿ ಮುಸ್ಲಿಮರದ್ದು. ಅವರೂ ತಮಿಳು ಮಾತಾಡುವವರೇ. ಅಕ್ಟೋಬರ್‌ನಲ್ಲಿ ಜಾಫ್ನಾದ ಮುಸ್ಲಿಮರಿಗೆ ಹುಲಿಗಳು ಕೊಟ್ಟ ಗಡುವು ಎರಡೇ ಗಂಟೆ. ತಲೆಮಾರುಗಳಿಂದ ಬಾಳಿದ ಮನೆ, ಅಂಗಡಿ, ಒಡವೆ ಎಲ್ಲ ಬಿಟ್ಟು ಹೊರಟರು.

1991ರ ಮೇ ತಿಂಗಳಲ್ಲಿ ಶ್ರೀಪೆರಂಬುದೂರಿನಲ್ಲಿ ಹುಲಿಗಳ ಕೈಯಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. 1993ರ ಮೇ ತಿಂಗಳಲ್ಲಿ ಕೊಲಂಬೊದಲ್ಲಿ ಪ್ರೇಮದಾಸ. ರಾಜೀವ್ ಹತ್ಯೆ ಮಾಡಿಸಿದ ಶಿವರಾಸನ್ ಕೊನೆಗೆ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ, 1991ರ ಆಗಸ್ಟ್‌ನಲ್ಲಿ.

ಯುದ್ಧ ಮುಗಿದದ್ದು 2009ರಲ್ಲಿ. 1987ರ ಒಪ್ಪಂದದಿಂದ ಬಂದ 13ನೇ ತಿದ್ದುಪಡಿ ಈಗಲೂ ಅವರ ಸಂವಿಧಾನದಲ್ಲಿದೆ. ಪ್ರಾಂತ್ಯಗಳಿಗೆ ಪೊಲೀಸ್, ಭೂಮಿ ಮೇಲಿನ ಅಧಿಕಾರ ಕೊಡಬೇಕು ಅನ್ನುತ್ತದೆ ಅದು. ಅದು ಪೂರ್ತಿ ಸಿಕ್ಕಿಲ್ಲ. ಯುದ್ಧ ಮುಗಿದ ಮೇಲೆ ಉತ್ತರ ಪ್ರಾಂತ್ಯದ ಜನ ತಮ್ಮ ಪ್ರಾಂತೀಯ ಮಂಡಳಿಗೆ ಮತ ಹಾಕಿದ್ದು 2013ರಲ್ಲಿ. ಆ ಮಂಡಳಿಯ ಅವಧಿ 2018ಕ್ಕೆ ಮುಗಿಯಿತು. ಮುಂದಿನ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು.