ಎಷ್ಟು ಬಿಟ್ಟರು?

ಹೊಸ ಕಾರು ಮನೆಗೆ ಬಂದು ತಿಂಗಳಾಯಿತು. ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಬಿಟ್ಟರು?" ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಸಿಕ್ಕ ಹಳೆಯ ಸಹಪಾಠಿ, ಅಡಿಕೆ ಮಂಡಿಯ ಗುಮಾಸ್ತರು, ತೀರ್ಥಹಳ್ಳಿಯ ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತ ಚಿಕ್ಕಪ್ಪ, ಎಲ್ಲರದೂ ಅದೇ. "ಎಷ್ಟು ಸೇರಿಸಿದರು?" ಎಂದು ಒಬ್ಬರೂ ಕೇಳಲಿಲ್ಲ. ಮೂರು ತಿಂಗಳು ಷೋರೂಮುಗಳ ತಣ್ಣನೆಯ ಗಾಳಿಯಲ್ಲಿ ಕುಳಿತು, ಅವರು ಕೊಟ್ಟ ಸಕ್ಕರೆ ಹೆಚ್ಚಾದ ಕಾಫಿ ಕುಡಿದು ನಾನು ಕಲಿತದ್ದೆಲ್ಲ ಆ ಕೇಳದ ಪ್ರಶ್ನೆಗೆ ಸೇರಿದ್ದು. ಅದಕ್ಕಾಗಿ ಈ ಉದ್ದದ ಬರಹ.

ಕಂಪನಿಯ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಒಂದು ಕಂಪನಿಗೆ ಇರುವುದೇ ಒಂದೋ ಎರಡೋ ಷೋರೂಮ್. ಹೆಸರು ಬರೆದರೆ ಮನೆಯ ವಿಳಾಸ ಕೊಟ್ಟಂತೆಯೇ. ಡಿಜೈರ್, ಅಮೇಜ್, ಔರಾ, ಟಿಗೋರ್ ಇವೆಯಲ್ಲ, ನಾಲ್ಕು ಮೀಟರಿನ ಒಳಗಿನ ಆ ಸೆಡಾನುಗಳ ಪೈಕಿ ಒಂದು ಎಂದು ತಿಳಿದರೆ ಸಾಕು. ಅದೇ ಕಾರನ್ನು ಇಬ್ಬರು ಡೀಲರುಗಳ ಬಳಿ ವಿಚಾರಿಸಿದೆ. ಒಂದು ನಮ್ಮ ಜಿಲ್ಲೆಯದು, ಇನ್ನೊಂದು ಪಕ್ಕದ ಜಿಲ್ಲೆಯದು. ಯಾವುದು ಯಾವುದೆಂದೂ ಹೇಳುವುದಿಲ್ಲ.

"ಮಲೆನಾಡಿನಲ್ಲಿದ್ದುಕೊಂಡು ಸೆಡಾನ್ ಯಾಕೆ? ಎತ್ತರದ ಗಾಡಿ ತೆಗೆದುಕೊ" ಎಂದು ಭಾವ ಇಂದಿಗೂ ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಕೊನೆಯಲ್ಲಿ ಆ ವಿಷಯಕ್ಕೆ ಬರುತ್ತೇನೆ. ನನಗಿದ್ದ ಕಾರಣಗಳು ಎರಡು. ಎತ್ತರದ ಗಾಡಿ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಓಲಾಡಿದರೆ ಅಮ್ಮನಿಗೆ ಆರನೆಯದಕ್ಕೇ ವಾಂತಿ. ಎರಡನೆಯದು ಡಿಕ್ಕಿ. ಊರಿನಿಂದ ಹಲಸಿನ ಹಣ್ಣು ತರುವವರಿಗೆ, ಸಾಮಾನು ಇಡುವ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ಗೋಡೆಯೊಂದಿರುವುದು ಎಂಥ ಸುಖ ಎಂದು ಬೇರೆ ವಿವರಿಸಬೇಕಿಲ್ಲ. ಮಗನಿಗೆ ಸನ್‌ರೂಫ್ ಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕೆಳಗಿಳಿದು ಬರುವ ಊರಿನಲ್ಲಿ ಮಾಡಿಗೆ ಕಿಂಡಿ ತೆರೆಯಲು ಹೆಚ್ಚಿನ ಹಣ ಕೊಡುವುದಿಲ್ಲ ಎಂದೆ.

ಮೊದಲ ಷೋರೂಮಿಗೆ ಹೋದದ್ದು ಆಷಾಢದಲ್ಲಿ. ಆಷಾಢದಲ್ಲಿ ನಮ್ಮ ಜನ ಗಾಡಿ ಮನೆಗೆ ತರುವುದಿಲ್ಲ. ಆದ್ದರಿಂದಲೇ ಆಷಾಢದ ಆಫರ್. "ಬಿಲ್ ಈಗ ಮಾಡಿಸಿ ಸರ್, ಡೆಲಿವರಿ ಶ್ರಾವಣದಲ್ಲಿ ತೆಗೆದುಕೊಳ್ಳಿ. ಆಫರೂ ಸಿಕ್ಕಿತು, ಶಾಸ್ತ್ರವೂ ಉಳಿಯಿತು" ಎಂದ ಸೇಲ್ಸ್ ಹುಡುಗ. ಅಮ್ಮನಿಗೆ ಈ ಜಾಣತನ ಹಿಡಿಸಲಿಲ್ಲ. ದುಡ್ಡು ಕೊಟ್ಟದ್ದು ಆಷಾಢದಲ್ಲಿ ಎಂದಾದರೆ ಕೊಂಡದ್ದೂ ಆಷಾಢದಲ್ಲೇ ಎಂಬುದು ಅವರ ತೀರ್ಪು. ಆ ತೀರ್ಪಿನಿಂದ ಎಷ್ಟು ಹಣ ಉಳಿಯಿತೆಂದು ಆಮೇಲೆ ಹೇಳುತ್ತೇನೆ.

ಹುಡುಗ ಕೊಟ್ಟ ಕೊಟೇಷನ್ನಿನ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ 40,000 ರೂಪಾಯಿ ರಿಯಾಯಿತಿ. ಜೊತೆಗೆ ಬಂದಿದ್ದ ಅಪ್ಪಯ್ಯ ಅದನ್ನು ನೋಡಲೇ ಇಲ್ಲ, ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಲು ಶುರು ಮಾಡಿದರು. ಐವತ್ತು ವರ್ಷ ಅಡಿಕೆ ಮಾರಿದವರು ಅವರು. ಮಂಡಿಯಲ್ಲಿ ಪಳಗಿದ ವ್ಯಾಪಾರಿ ಚೀಲದ ಬಾಯಲ್ಲಿ ಕಾಣುವ, ರಾಶಿ ಇಡಿ ಎಂಬ ಒಳ್ಳೆಯ ಅಡಿಕೆಯನ್ನು ನಂಬುವುದಿಲ್ಲ. ಮೊಣಕೈಯವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಅಪ್ಪಯ್ಯ ಹಾಳೆಯ ತಳದಿಂದ ತೆಗೆದದ್ದು: "ಎಸೆನ್ಷಿಯಲ್ ಕಿಟ್" 18,500, "ಹ್ಯಾಂಡ್ಲಿಂಗ್" 6,500, ವಿಮೆ 46,800. ಹ್ಯಾಂಡ್ಲಿಂಗ್ ಎಂದರೆ ಏನು ಎಂದು ಕೇಳಿದ್ದಕ್ಕೆ, ಯಾರ್ಡಿನಿಂದ ಷೋರೂಮಿಗೆ ಗಾಡಿ ತರುವ ಖರ್ಚು ಎಂದ. "ನಾನು ಅಡಿಕೆ ಮಾರುವಾಗ ಅಟ್ಟದಿಂದ ಅಂಗಳಕ್ಕೆ ಇಳಿಸಿದ ಕೂಲಿಯನ್ನು ಮಂಡಿಯವರು ಕೊಡುವುದಿಲ್ಲವಲ್ಲ ಮಾರಾಯ" ಎಂದರು ಅಪ್ಪಯ್ಯ. ಹುಡುಗ ನಕ್ಕ. ಆ ಸಾಲು ಮಾಯವಾಯಿತು. ಕೇಳಿದ ತಕ್ಷಣ ಮಾಯವಾಗುವ ಸಾಲು ಕೇಳದವರ ಬಿಲ್ಲಿನಲ್ಲಿ ಉಳಿದೇ ಇರುತ್ತದೆ.

ವಿಮೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಕಳೆದುಕೊಳ್ಳುವುದು ಇಲ್ಲಿಯೇ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಹೀಗೆ. ಅದರ ದರ ಎಲ್ಲಿ ಕೊಂಡರೂ ಒಂದೇ. ನಮ್ಮದೇ ಗಾಡಿಗೆ ಆಗುವ ಹಾನಿಯ ವಿಮೆ ಇದೆಯಲ್ಲ, ಅದರ ದರ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು. ಅದನ್ನು ಷೋರೂಮಿನಲ್ಲೇ ಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹಳೆಯ ಕಾರಿನ ಮೇಲೆ ಐದು ವರ್ಷ ಸತತವಾಗಿ ಕ್ಲೇಮ್ ಮಾಡದಿದ್ದರೆ ವಿಮೆಯ ಈ ಭಾಗದಲ್ಲಿ 50% ರಿಯಾಯಿತಿ ಸಿಗುತ್ತದೆ, ಅದೇ ನೋ ಕ್ಲೇಮ್ ಬೋನಸ್. ಆ ಬೋನಸ್ ಕಾರಿನದಲ್ಲ, ಮಾಲೀಕನದು. ಹಳೆಯ ಕಾರು ಮಾರಿ ವಿಮಾ ಕಂಪನಿಯಿಂದ ಪತ್ರ ತಂದರೆ ಹೊಸ ಕಾರಿಗೆ ಅದನ್ನು ವರ್ಗಾಯಿಸಿಕೊಳ್ಳಬಹುದು. ನನ್ನ ಹಳೆಯ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮಾತು ಅರ್ಧ ಗಂಟೆ ನಡೆದರೂ ಹುಡುಗ ಈ ಸಂಗತಿಯ ಸುದ್ದಿ ಎತ್ತಲಿಲ್ಲ. ಪರಿಚಯದ ಏಜೆಂಟರ ಬಳಿ ಹೋದರೆ ಅದೇ ಮೊತ್ತದ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ಹಣ), ಅದೇ ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದ ವಿಮೆ), ಬೋನಸ್ ಕಳೆದು 31,000ಕ್ಕೆ ಮುಗಿಯಿತು. ಇದನ್ನು ತಿಳಿಸಿದಾಗ ಬಂದ ಉತ್ತರ: "ಹೊರಗಿನ ವಿಮೆಯಾದರೆ ರಿಯಾಯಿತಿಯಲ್ಲಿ 15,000 ಕಡಿಮೆಯಾಗುತ್ತದೆ ಸರ್." ಅಂದರೆ 40,000ದಲ್ಲಿ 15,000 ಮೊದಲಿನಿಂದಲೂ ನನ್ನದೇ ದುಡ್ಡು.

ಇನ್ನು ಎಕ್ಸ್‌ಚೇಂಜ್ ಬೋನಸ್. ಹೊರಗೆ 2 ಲಕ್ಷಕ್ಕೆ ಕೇಳುತ್ತಿದ್ದ ನನ್ನ ಕಾರಿಗೆ ಇಲ್ಲಿ 1,75,000, ಮೇಲೆ 20,000 "ಬೋನಸ್". ಕೂಡಿಸಿ ನೋಡಿ.

ಸಾಲದ ಮೇಜಿನಲ್ಲಿ ಕುಳಿತವರು 6% ಎಂದರು. ಬ್ಯಾಂಕಿನಲ್ಲಿ 9% ಹೇಳಿದ್ದರಿಂದ ಒಂದು ಕ್ಷಣ ನನಗೂ ಆಸೆಯಾಯಿತು. ಆದರೆ ಆ 6% "ಫ್ಲಾಟ್". ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಅಸಲಿನ ಮೇಲೆಯೇ ಐದು ವರ್ಷ ಬೀಳುತ್ತದೆ. 5 ಲಕ್ಷಕ್ಕೆ ಬಡ್ಡಿ ಒಂದೂವರೆ ಲಕ್ಷ, ತಿಂಗಳ ಕಂತು 10,833. ಬ್ಯಾಂಕಿನ 9% ಇಳಿಯುವ ಅಸಲಿನ ಮೇಲೆ, ಕಂತು 10,379. ಕಡಿಮೆ ಕಾಣುವ ಬಡ್ಡಿಗೆ ಕಂತು ಹೆಚ್ಚು! ಆ 6% ನಿಜಕ್ಕೂ 11%ರ ಹತ್ತಿರ ಹೋಗುತ್ತದೆ. ಬಡ್ಡಿಯ ದರ ಕೇಳಬೇಡಿ, ಕಂತು ಎಷ್ಟು, ಎಷ್ಟು ತಿಂಗಳು ಎಂದು ಕೇಳಿ ಗುಣಿಸಿ.

ಮುಂದಿನದು ಟಾಪ್ ಮಾಡೆಲ್ಲಿನ ಒತ್ತಾಯ. "ಇಪ್ಪತ್ತು ಸಾವಿರದ ವ್ಯತ್ಯಾಸ ಅಷ್ಟೇ ಸರ್." ನಮ್ಮ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಜೀವಿತಾವಧಿ ತೆರಿಗೆ 14%, ದಾಟಿದರೆ 17%, ಅದರ ಮೇಲೆ ಸೆಸ್ ಬೇರೆ. 9,90,000ದ ಕಾರಿಗೆ 1,38,600 ತೆರಿಗೆಯಾದರೆ 10,10,000ದ ಕಾರಿಗೆ 1,71,700. ಇಪ್ಪತ್ತು ಸಾವಿರದ ಆಸೆಗೆ ಮೂವತ್ತಮೂರು ಸಾವಿರ ದಂಡ. ಜೊತೆಗೆ 10 ಲಕ್ಷ ದಾಟಿದ್ದಕ್ಕೆ 1% ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ. ಇದು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ, ಆದರೂ ಕೊಳ್ಳುವ ದಿನ ಕೈಯಿಂದಲೇ ಕೊಡಬೇಕು.

ಇಷ್ಟಾದರೂ ಆ ಹುಡುಗ ಒಂದೇ ಒಂದು ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಚಾಸಿ ನಂಬರ್ ಕೇಳಿದಾಗ ಕೊಟ್ಟ, ಗಾಡಿ ತಯಾರಾದದ್ದು ಯಾವಾಗ ಎಂದಾಗ "ಕಳೆದ ನವೆಂಬರ್" ಎಂದೂ ಹೇಳಿದ. ಕೇಳದಿದ್ದರೆ, ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಿಕೆಯ ತಿಂಗಳು ನೋಡಿದಾಗಲೇ ನನಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ದುಡ್ಡು ಹೋಗಿರುತ್ತಿತ್ತು. ಡೀಲರುಗಳ ಪ್ರಾಮಾಣಿಕತೆಯನ್ನು ಅವರು ಹೇಳಿದ ಮಾತಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾವುದನ್ನು ಯಾವಾಗ ಹೇಳಿದರು ಎಂಬಲ್ಲಿ ಹುಡುಕಬೇಕು. ಮುಂಗಡ ಕೊಡುವ ಮೊದಲೋ, ಕೊಟ್ಟ ಮೇಲೋ?

2025ರ ಆಗಸ್ಟ್ 15ರಂದು ಪ್ರಧಾನಿ ಕೆಂಪು ಕೋಟೆಯಿಂದ ಜಿಎಸ್‌ಟಿ ಇಳಿಸುವ ಮಾತಾಡಿದರು. ಎರಡು ದಿನ ಬಿಟ್ಟು ಮೊದಲ ಷೋರೂಮಿನಿಂದ ಫೋನ್: "ಸರ್, ಮುಂದೆ ಬೆಲೆ ಬದಲಾಗುತ್ತದೆ. ಆಷಾಢದ ಆಫರನ್ನು ನಿಮಗೋಸ್ಕರ ಈ ತಿಂಗಳಿಗೂ ಹಿಡಿದಿಟ್ಟಿದ್ದೇನೆ. ಬೇಗ ಬಿಲ್ ಮಾಡಿಸಿ." ಬೆಲೆ ಬದಲಾಗುತ್ತದೆ! ಇದರಲ್ಲಿ ಯಾವ ಅಕ್ಷರ ಸುಳ್ಳು?

ಅದೇ ವಾರ ಎರಡನೆಯ ಷೋರೂಮಿಗೆ ಹೋದೆ. ಅಲ್ಲಿದ್ದವಳು ಹೊಸನಗರದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ನಾನು ಚೆಕ್‌ಬುಕ್ ಹಿಡಿದೇ ಹೋಗಿದ್ದೆ. "ಸರ್, ಪತ್ರಿಕೆ ನೋಡಿದ್ದೀರಲ್ಲ. ನಿಮಗೆ ಅವಸರವಿಲ್ಲದಿದ್ದರೆ ತಡೆಯಿರಿ. ಬಿಲ್ಲಿನ ದಿನ ಯಾವ ತೆರಿಗೆ ಇರುತ್ತದೆಯೋ ಅದೇ ಬೀಳುವುದು. ಈ ತಿಂಗಳು ನನಗೆ ಟಾರ್ಗೆಟ್ ಆಗುವುದಿಲ್ಲ, ಆದರೆ ಆಮೇಲೆ ನೀವು ನನ್ನನ್ನು ಬೈದುಕೊಳ್ಳುವುದು ಬೇಡ" ಎಂದಳು. ದನಿ ತಗ್ಗಿಸಿಯೇ ಹೇಳಿದಳು. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಇದ್ದರು.

ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ ನಿರ್ಧಾರ ಬಂತು. 22ರಿಂದ, ನವರಾತ್ರಿಯ ಮೊದಲ ದಿನವೇ, ಜಾರಿ. ನಾಲ್ಕು ಮೀಟರಿನ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಇದ್ದ 29% ಹೋಗಿ 18% ಆಯಿತು. ತೆರಿಗೆ ಬಿಟ್ಟು 7 ಲಕ್ಷದ ಕಾರು ಎಂದುಕೊಳ್ಳಿ: 9,03,000 ಇದ್ದದ್ದು 8,26,000. ರಸ್ತೆ ತೆರಿಗೆ ಆ ಕಡಿಮೆ ಬೆಲೆಯ ಮೇಲೆ ಬೀಳುವುದರಿಂದ ಅಲ್ಲಿಯೂ ಹತ್ತು ಸಾವಿರಕ್ಕೆ ಮೇಲೆ ಉಳಿತಾಯ. ಸಿಟಿ, ವರ್ನಾ, ವರ್ಟಸ್, ಸ್ಲಾವಿಯಾಗಳಂಥ ದೊಡ್ಡ ಸೆಡಾನುಗಳಿಗೂ ಇಳಿಯಿತು, ಆದರೆ 40%ರಲ್ಲಿ ನಿಂತಿತು. ಬೆಲೆಯಲ್ಲೂ ರಸ್ತೆ ತೆರಿಗೆಯಲ್ಲೂ ಉಳಿದದ್ದು ಸೇರಿದ ಎಂಬತ್ತೇಳು ಸಾವಿರದ ಮುಂದೆ ಆಷಾಢದ ನಲವತ್ತು ಸಾವಿರವನ್ನು ಇಟ್ಟು ನೋಡಿದ ಅಮ್ಮ ಏನೂ ಹೇಳಲಿಲ್ಲ. ದೇವರಿಗೆ ಇನ್ನೊಂದು ಬತ್ತಿ ಹೆಚ್ಚಿಸಿದರು, ಅಷ್ಟೆ.

ಮೊದಲ ಷೋರೂಮಿನ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನ ಸಂಬಳದ ದೊಡ್ಡ ಪಾಲು ಇನ್ಸೆಂಟಿವ್. ಕಾರಿನ ಮೇಲೆ ಡೀಲರಿಗೆ ಉಳಿಯುವುದು ಕಡಿಮೆ. ವಿಮೆ, ಸಾಲ, ಆಕ್ಸೆಸರಿ, ಸರ್ವಿಸ್ ಇವುಗಳಲ್ಲೇ ಅವರ ಹೊಟ್ಟೆ ಹೊರೆಯುವುದು. ಹಳೆಯ ತೆರಿಗೆಯಲ್ಲಿ ತರಿಸಿದ ಸ್ಟಾಕಿಗೆ ಕಟ್ಟಿದ್ದ ಸೆಸ್ ಅವರ ಖಾತೆಯಲ್ಲೇ ಸಿಕ್ಕಿಬಿದ್ದಿತ್ತು. ಗಾಬರಿಯಾಗುವುದು ಸಹಜ. ಆದರೆ ಅವರ ಗಾಬರಿಯನ್ನು ನನ್ನ ಅದೃಷ್ಟವೆಂದು ಪೊಟ್ಟಣ ಕಟ್ಟಿ ಮಾರಲು ಬಂದದ್ದು ಹಿಡಿಸಲಿಲ್ಲ.

ಎರಡನೆಯವರೇನೂ ದೇವಮಾನವರಲ್ಲ. ಮಡ್‌ಫ್ಲಾಪ್‌ಗೆ ಹೊರಗಿನ ಅಂಗಡಿಯ ಎರಡರಷ್ಟು ತೆಗೆದುಕೊಂಡರು. ಕಾರಿನ ತಳಕ್ಕೆ ತುಕ್ಕು ಹಿಡಿಯದ ಲೇಪನ ಬೇಕೆಂದು ಮೂರು ಸಲ ಹೇಳಿದರು. ನಾಲ್ಕನೆಯ ಸಲ ಕೇಳಿದ್ದರೆ ನಮ್ಮ ಮಳೆ ನೆನೆದು ಒಪ್ಪಿಬಿಡುತ್ತಿದ್ದೆನೋ ಏನೋ. ನವರಾತ್ರಿಯ ನೂಕುನುಗ್ಗಲಿನಲ್ಲಿ ರಿಯಾಯಿತಿಯೆಂದು ಕೊಟ್ಟದ್ದು 5,000 ಮಾತ್ರ. ಆ ಹೊತ್ತಿಗೆ ಮೊದಲನೆಯವರು 14,000 ಕೊಡಲು ಸಿದ್ಧರಿದ್ದರು. ಒಂಬತ್ತು ಸಾವಿರ ಹೆಚ್ಚು ಕೊಟ್ಟು ಆ ಹುಡುಗಿಯ ಬಳಿಯೇ ತೆಗೆದುಕೊಂಡೆ. ಇದನ್ನು ಕೇಳಿ ಭಾವ ನನ್ನನ್ನು ಮುಠ್ಠಾಳ ಎಂದರು. ಇರಬಹುದು. ಮುಂದಿನ ಹತ್ತು ವರ್ಷ ಸರ್ವಿಸ್‌ಗೆ ಯಾರ ಬಾಗಿಲಿಗೆ ಹೋಗಬೇಕೋ ಅವರ ಮಾತಿನ ಬೆಲೆಯನ್ನು ಮೊದಲೇ ಕೊಟ್ಟಿದ್ದೇನೆ ಎಂದುಕೊಂಡಿದ್ದೇನೆ. ಹಳೆಯ ಕಾರನ್ನು ಹೊರಗೆ 2 ಲಕ್ಷಕ್ಕೇ ಮಾರಿದೆ. ಆರ್‌ಸಿ ಕೊಂಡವರ ಹೆಸರಿಗಾದದ್ದನ್ನು ಕಣ್ಣಾರೆ ನೋಡುವವರೆಗೆ ಬೆನ್ನು ಬಿಡಲಿಲ್ಲ.

ಈಗ ಭಾವನ ಮಾತಿನ ಹುರುಳು. ಟೆಸ್ಟ್ ಡ್ರೈವ್ ಎಂದು ಷೋರೂಮಿನವರು ಕಾರನ್ನು ಕರೆದೊಯ್ಯುವುದು ನುಣ್ಣನೆಯ ಹೆದ್ದಾರಿಗೆ. ನಾನು ಹಟ ಹಿಡಿದು ಊರಿನ ಮನೆಯವರೆಗೆ ಓಡಿಸಿ ನೋಡಿದ್ದೆ. ಉಣಗೋಲು (ಗೇಟಿನ ಬದಲು ಅಡ್ಡ ಸರಿಸುವ ಗಳುಗಳು) ದಾಟಿ, ಕಡಿದ ಗುಡ್ಡದ ಧರೆಯ ಪಕ್ಕದ ಏರನ್ನು ಕಾರು ಸಲೀಸಾಗಿ ಹತ್ತಿತ್ತು. ಆದರೆ ಅಂದು ಕಾರಿನಲ್ಲಿದ್ದದ್ದು ಆ ಹುಡುಗಿ ಮತ್ತು ನಾನು. ಮೊನ್ನೆ ದೀಪಾವಳಿಗೆ ಐದು ಜನ ಕುಳಿತು, ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ ಹೇರಿಕೊಂಡು ಹೋದಾಗ ಉಣಗೋಲಿನ ಬುಡದ ಕಲ್ಲಿಗೆ ಹೊಟ್ಟೆ ಉಜ್ಜಿತು. ಎದೆ ಝಲ್ಲೆಂದಿತು. ಅಪ್ಪಯ್ಯ ಇಳಿದು ಬಗ್ಗಿ ನೋಡಿ, "ಎರಡು ಲೋಡು ಜಲ್ಲಿ ಹೊಡೆಸಬೇಕು" ಎಂದರು. ಭಾವ ಹಿಂದಿನ ಸೀಟಿನಲ್ಲೇ ಕುಳಿತಿದ್ದರು. ಏನೂ ಮಾತಾಡಲಿಲ್ಲ, ಪುಣ್ಯಾತ್ಮರು. ಜಲ್ಲಿಯವನಿಗೆ ಹೇಳಿದ್ದೇನೆ, ಅವನೂ ಕೊಟೇಷನ್ ಕೊಟ್ಟಿದ್ದಾನೆ, ಬಾಯಿಮಾತಿನಲ್ಲಿ.