ಎಲುಬು ಒಂದೇ, ಹವಾ ಬೇರೆ: ಹಳೇ ಟ್ರಾವೆಲರ್ ಕೊಂಡು ಮನೆಗಾಡಿ ಮಾಡುವವರಿಗೆ

ಸ್ಟುಟ್‌ಗಾರ್ಟ್ ಸುತ್ತಮುತ್ತ 1980ರ ದಶಕದ ಮರ್ಸಿಡಿಸ್ 207ಡಿ ವ್ಯಾನುಗಳು ಇವತ್ತಿಗೂ ಮೋಟರ್‌ಹೋಮ್ ಆಗಿ ಓಡುತ್ತಿವೆ. ಕಲಬುರಗಿಯಿಂದ ಗಾಣಗಾಪುರಕ್ಕೆ ಭಕ್ತರನ್ನು ಹೊತ್ತೊಯ್ಯುವ ಟೆಂಪೊ ಟ್ರಾವೆಲರ್ ಅದೇ ಗಾಡಿಯ ದಾಯಾದಿ. ಮರ್ಸಿಡಿಸ್ ಟಿ1 ಹೆಸರಿನ ಈ ವ್ಯಾನು 1977ರಲ್ಲಿ ಬಂತು. ಅದರ ವಿನ್ಯಾಸವನ್ನೇ ಪಡೆದು ಬಜಾಜ್ ಟೆಂಪೊ ಕಂಪನಿ 1987ರಿಂದ ಟ್ರಾವೆಲರ್ ಕಟ್ಟತೊಡಗಿತು. ಹಳೆಯ ಅನೇಕ ಟ್ರಾವೆಲರ್‌ಗಳ ಎಂಜಿನ್ನೂ ಮರ್ಸಿಡಿಸ್ ಓಎಂ616 ಡೀಸೆಲ್‌ನ ಲೈಸೆನ್ಸ್ ರೂಪವೇ.

ಹೀಗಾಗಿ ಕೆಎ-32, 33 ಅಥವಾ 38 (ಕಲಬುರಗಿ, ಯಾದಗಿರಿ, ಬೀದರ) ನಂಬರಿನ ಹಳೇ ಟ್ರಾವೆಲರ್ ಕೊಂಡು ಒಳಗೆ ಹಾಸಿಗೆ, ಒಲೆ ಕೂಡಿಸುವ ಉಮೇದಿನವರು ಯುರೋಪಿನ ವಿಡಿಯೊ ನೋಡಿ ಕೆಲಸ ಶುರು ಮಾಡುವುದು ಸಹಜ. ನನ್ನ ತಕರಾರು ಅಲ್ಲೇ ಇದೆ. ಅಲ್ಲಿಯ ಸಾಮಾನನ್ನು ನಕಲು ಮಾಡುತ್ತಾರೆ, ಅಲ್ಲಿಯ ಅಳತೆಯನ್ನು ಬಿಟ್ಟುಬಿಡುತ್ತಾರೆ. ಆಗಬೇಕಾದದ್ದು ಉಲ್ಟಾ. ಜರ್ಮನರ ಗಾಡಿ ಚಳಿ ಮತ್ತು ತೇವಕ್ಕಾಗಿ ಕಟ್ಟಿದ್ದು. ನಮ್ಮದು ಬಿಸಿಲು, ಧೂಳು ಮತ್ತು ಸವಳು ನೀರನ್ನು ತಾಳಬೇಕು.

ಮೊದಲು ಕಾಗದ. ಜರ್ಮನಿಯಲ್ಲಿ ಮೇಜು ಮತ್ತು ಸೀಟು, ಮಲಗುವ ಜಾಗ, ಒಲೆ, ಸಾಮಾನಿನ ಕಪಾಟು ಗಾಡಿಗೆ ಭದ್ರವಾಗಿ ಕೂತಿದ್ದರೆ ತಪಾಸಣೆ ಮಾಡಿಸಿ ಮೋಟರ್‌ಹೋಮ್ ಎಂದು ದಾಖಲಿಸುತ್ತಾರೆ. ನಮ್ಮಲ್ಲಿ ಮೋಟರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಮಾನದಂಡವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಸೀಟು ಬಿಚ್ಚುವುದಕ್ಕಿಂತ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಬೇಕು. ಗ್ಯಾರೇಜಿನಲ್ಲಿ ‘ಏನೂ ಆಗಂಗಿಲ್ಲ ಬಿಡ್ರಿ’ ಅಂದವರು ಅಪಘಾತವಾಗಿ ವಿಮೆ ನಿರಾಕರಣೆಯಾದ ದಿನ ಜೊತೆಗೆ ಇರುವುದಿಲ್ಲ. ಯುರೋಪಿನ ಹಳೇ ಗಾಡಿಯನ್ನೇ ತರಿಸುವ ಆಸೆಯೂ ಬೇಡ. ಮೂರು ವರ್ಷಕ್ಕಿಂತ ಹಳೆಯ ಬಳಸಿದ ವಾಹನದ ಆಮದಿಗೆ ನಮ್ಮ ನಿಯಮ ಅವಕಾಶ ಕೊಡುವುದಿಲ್ಲ.

ಇನ್ನು ತುಕ್ಕು. ‘ನಮ್ಮದು ಒಣ ಸೀಮೆ, ಇಲ್ಲಿ ತುಕ್ಕು ಎಲ್ಲಿಂದ ಬಂತು’ ಎಂಬ ಮಾತು ಬಹಳ ಕೇಳುತ್ತೇನೆ. ಮಳೆ ಕಡಿಮೆಯೇ, ಆದರೆ ಕರಿ ಎರೆಮಣ್ಣು ಒಮ್ಮೆ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಮಳೆ ನಿಂತರೂ ತಗಡು ಒಳಗಿಂದೊಳಗೇ ತಿನ್ನಿಸಿಕೊಳ್ಳುತ್ತಿರುತ್ತದೆ. ನೋಡಬೇಕಾದ ಜಾಗಗಳು ಎರಡೂ ದೇಶದಲ್ಲಿ ಒಂದೇ: ಮುಂದಿನ ಗಾಜಿನ ಚೌಕಟ್ಟಿನ ಕೆಳಮೂಲೆ, ಚಾವಣಿಯ ನೀರುಕಾಲುವೆಯ ಬೆಸುಗೆ, ಪಕ್ಕದ ಬಾಗಿಲಿನ ಮೆಟ್ಟಿಲ ಅಡಿ, ಹಿಂದಿನ ಚಕ್ರದ ಕಮಾನು, ರಬ್ಬರ್ ಮ್ಯಾಟಿನ ಕೆಳಗಿನ ನೆಲ. ಮ್ಯಾಟನ್ನು ಪೂರ್ತಿ ಎತ್ತಿಸದೆ ವ್ಯಾಪಾರ ಮುಗಿಸಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಒಳ್ಳೆ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಕೇಳುತ್ತದೆ. ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇರಲಿ. ಅದು ಅಂಟದೆ ಜಾರುವ ಕಡೆ ಬಣ್ಣದ ಅಡಿಯಲ್ಲಿ ದಪ್ಪ ಪುಟ್ಟಿ ಮೆತ್ತಿದ್ದಾರೆ ಎಂದೇ ಅರ್ಥ.

ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಭಾರ ಹೊರುವ ಭಾಗದಲ್ಲಿ ತುಕ್ಕಿನ ತೂತು ಕಂಡರೆ ಗಾಡಿ ಪಾಸಾಗುವುದಿಲ್ಲ. ಆ ಹೆದರಿಕೆಯಿಂದಲೇ ಅಲ್ಲಿ ಕೊಳೆತದ್ದನ್ನು ಹೊಳೆಯುವ ತಗಡು ಕಾಣುವವರೆಗೂ ಕತ್ತರಿಸುತ್ತಾರೆ. ನಮ್ಮಲ್ಲಿ ಅದರ ಮೇಲೆಯೇ ತೇಪೆ ಇಟ್ಟು ಗ್ಯಾಸ್ ವೆಲ್ಡಿಂಗ್ ಎಳೆದು, ಪುಟ್ಟಿ ತುಂಬಿ ಬಣ್ಣ ಹೊಡೆಯುತ್ತಾರೆ. ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಸರಿಯಾದ ಕ್ರಮಕ್ಕೆ ಬೇಕಾದದ್ದೆಲ್ಲ ಕಲಬುರಗಿಯಲ್ಲೇ ಸಿಗುತ್ತದೆ. 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ತಗಡು ತನ್ನಿ. ಜಸ್ತದ ಲೇಪದ ತಗಡು ಬೇಡ. ಬೆಸೆಯುವಾಗ ಏಳುವ ಹೊಗೆ ವಿಷ, ಬೆಸುಗೆಯೂ ತೂತು ತೂತಾಗುತ್ತದೆ. ತಂತಿ ತಾನಾಗಿ ಬರುವ ಮಿಗ್ ವೆಲ್ಡರ್‌ನಲ್ಲಿ 25–30 ಮಿ.ಮೀ.ಗೊಂದು ಚುಕ್ಕೆ ಇಡುತ್ತ, ಎದುರುಬದುರು ಜಾಗ ಬದಲಿಸುತ್ತ ಹೋಗಿ, ಆಮೇಲೆ ನಡುವಿನ ಸಂದು ತುಂಬಿ. ಒಂದೇ ಸಮ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಬಳಿಕ ಎಪಾಕ್ಸಿ ಪ್ರೈಮರ್, ಸಂದಿಗೆ ಪಾಲಿಯುರೆಥೇನ್ ಸೀಲರ್, ಬಣ್ಣ. ಕೊನೆಗೆ ಚಾಸಿಯ ಟೊಳ್ಳುಗಳಿಗೆ ಮೇಣದ ದ್ರಾವಣ ಸಿಂಪಡಿಸಿ. ಅದರ ಬದಲು ಸುಟ್ಟ ಎಂಜಿನ್ ಆಯಿಲ್ ಸುರಿಯುವ ರೂಢಿ ಬಿಡಬೇಕು. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ವಾಡಿ, ಸೇಡಂ ಕಡೆಯ ಸಿಮೆಂಟು ಧೂಳನ್ನು ಪದರಗಟ್ಟಲೆ ಹಿಡಿಯುತ್ತದೆ. ಮೇಣ ಹಾಕಿದ ಮೇಲೆ ಚಾಸಿಯ ನೀರಿಳಿಯುವ ತೂತುಗಳು ಮುಚ್ಚಿಲ್ಲ ಎಂಬುದನ್ನು ತಂತಿ ಹಾಕಿ ಖಚಿತಪಡಿಸಿ. ಮೇ ತಿಂಗಳಲ್ಲಿ ಅದು ಕರಗಿ ಕೆಳಗಿಳಿದು ಅಲ್ಲೇ ಗಟ್ಟಿಯಾಗಬಹುದು.

ಚಾವಣಿ ಕತ್ತರಿಸಿ ಗಾಳಿಕಿಂಡಿ ಕೂಡಿಸುವಾಗ ಸಿಲಿಕೋನ್ ಮುಟ್ಟಲೇಬೇಡಿ. ಅದು ಒಮ್ಮೆ ಬಿದ್ದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲರೂ ಅಂಟುವುದಿಲ್ಲ. ಚೌಕಟ್ಟಿನ ಅಡಿಗೆ ಬ್ಯುಟೈಲ್ ಎಂಬ ಅಂಟು ರಬ್ಬರಿನ ಪಟ್ಟಿ, ಅಂಚಿಗೆ ಪಾಲಿಯುರೆಥೇನ್. ಸ್ಕ್ರೂಗಳನ್ನು ಒಂದೇ ದಿನ ಪೂರ್ತಿ ಬಿಗಿ ಮಾಡದೆ, ಬ್ಯುಟೈಲ್ ಬಿಸಿಲಿಗೆ ಮೆತ್ತಗಾಗಿ ಕೂತ ಮೇಲೆ ಮಾರನೆಯ ದಿನ ಮತ್ತರ್ಧ ಸುತ್ತು ತಿರುಗಿಸಿ.

ಉಷ್ಣ ತಡೆಗೆ ಜರ್ಮನರು 19 ಮಿ.ಮೀ. ನೈಟ್ರೈಲ್ ರಬ್ಬರ್ ಫೋಮನ್ನು ತಗಡಿಗೆ ನೇರ ಅಂಟಿಸುತ್ತಾರೆ. ಅವರ ಉದ್ದೇಶ ಚಳಿಗಾಲದಲ್ಲಿ ಉಸಿರಿನ ತೇವ ತಗಡಿನ ಮೇಲೆ ಹನಿಗಟ್ಟದಂತೆ ತಡೆಯುವುದು. ನಮಗೂ ಅದೇ ಸಾಮಾನು ಸರಿ, ಏಸಿ ಡಕ್ಟಿನವರ ಹತ್ತಿರ ಸಿಗುತ್ತದೆ. ಅಗ್ಗವೆಂದು ಥರ್ಮೋಕೋಲ್ ತಂದರೆ ಸಾಲ್ವೆಂಟ್ ಇರುವ ಅಂಟು ಅದನ್ನು ಕರಗಿಸಿಬಿಡುತ್ತದೆ. ಆದರೆ ಕಲಬುರಗಿಯ 43 ಡಿಗ್ರಿಗೆ ಫೋಮ್ ಒಂದೇ ಸಾಲದು. ಚಾವಣಿಗೆ ಬಿಳಿ ಬಣ್ಣ, ಸೋಲಾರ್ ಫಲಕದ ಅಡಿ 40–50 ಮಿ.ಮೀ. ಗಾಳಿಯ ಸಂದು, ಗಾಜಿಗೆ ಹೊರಗಿನಿಂದ ಪರದೆ ಬೇಕು. ಒಳಗಿನ ಪರದೆ ಬಿಸಿಲನ್ನು ಗಾಜು ದಾಟಿದ ಮೇಲೆ ತಡೆಯುತ್ತದೆ, ಅಷ್ಟರಲ್ಲಿ ಕಾವು ಒಳಗೆ ಬಂದಾಗಿರುತ್ತದೆ.

ತಂಪಿನ ವಿಷಯದಲ್ಲಿ ನಮ್ಮವರ ಜಾಣತನವನ್ನು ನಮ್ಮವರೇ ಮರೆತಿದ್ದಾರೆ. 12 ವೋಲ್ಟಿನ ರೂಫ್ ಏಸಿ 40–60 ಆಂಪಿಯರ್ ಎಳೆಯುತ್ತದೆ. 100 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಎರಡು ಗಂಟೆಗೆ ಖಾಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗಾಳಿ ಒಣ. ಮನೆಮನೆಯಲ್ಲೂ ಇರುವ ಕೂಲರ್ ತತ್ವದ ಸಣ್ಣ 12 ವೋಲ್ಟ್ ಯಂತ್ರ 4 ಆಂಪಿಯರ್‌ನಲ್ಲಿ ರಾತ್ರಿ ಕಳೆಸುತ್ತದೆ. ಎದುರಿನ ಕಿಟಕಿ ತೆರೆದಿರಬೇಕು ಅಷ್ಟೆ, ಇಲ್ಲವಾದರೆ ಒಳಗೆ ತೇವ ತುಂಬಿ ಸೆಕೆಯಾಗುತ್ತದೆ. ಮಳೆಗಾಲದಲ್ಲಿ ಅದು ಉಪಯೋಗವಿಲ್ಲ, ಆಗ ಫ್ಯಾನು ಸಾಕು. ಅದೇ ರೀತಿ ಡೀಸೆಲ್ ಹೀಟರಿಗೆ ದುಡ್ಡು ಹಾಕುವುದು ವ್ಯರ್ಥ. ಬೀದರಿನ ಡಿಸೆಂಬರಿಗೂ ಒಂದು ಕೌದಿ ಸಾಕು.

ವಿದ್ಯುತ್ತಿನಲ್ಲಿ ಅಂದಾಜು ಬೇಡ, ಲೆಕ್ಕ ಬೇಕು. ಗ್ಯಾಸಿನ ಮೇಲೆ ಓಡುವ ಜರ್ಮನ್ ಅಬ್ಸಾರ್ಪ್ಷನ್ ಫ್ರಿಜ್ಜು ಹೊರಗೆ 35 ಡಿಗ್ರಿ ದಾಟಿದರೆ ಸೋಲುತ್ತದೆ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜೇ ನಮಗೆ ಸರಿ. 40 ಲೀಟರಿನದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 40–50 ಎಎಚ್ ಇಟ್ಟುಕೊಳ್ಳಿ, ಫ್ಯಾನು-ದೀಪಕ್ಕೆ 20. ಬಿಸಿಯಾದ ಫಲಕ ಮೇ ತಿಂಗಳಲ್ಲಿ ಸುಮಾರು ಆರನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುವುದರಿಂದ 200 ವ್ಯಾಟ್ ಬಿಗಿಯಾಗುತ್ತದೆ, 300 ಹಾಕಿ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನು ಸೀಟಿನ ಕೆಳಗೆ ಇಡಬೇಡಿ. 50 ಕಿಲೊಗೂ ಹೆಚ್ಚು ತೂಕ, ಜೊತೆಗೆ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ 100 ಎಎಚ್ ಸಾಕು, ಆದರೆ ಸೈಲೆನ್ಸರ್ ಮೇಲಿನ ನೆಲದಿಂದ ದೂರ ಇಡಿ. ಕಾವು ಹೆಚ್ಚಾದರೆ ಅದರ ನಿಯಂತ್ರಕವೇ ಚಾರ್ಜಿಂಗ್ ನಿಲ್ಲಿಸುತ್ತದೆ. ತಂತಿಯ ತಪ್ಪು ಎಲ್ಲಕ್ಕಿಂತ ಸಾಮಾನ್ಯ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 10 ಆಂಪಿಯರ್ ಒಯ್ದರೆ 2.5 ಚದರ ಮಿ.ಮೀ. ತಂತಿಯಲ್ಲಿ 0.7 ವೋಲ್ಟ್ ಕಳೆಯುತ್ತದೆ, 6 ಚದರ ಮಿ.ಮೀ.ನಲ್ಲಿ 0.3. ವೋಲ್ಟೇಜ್ ಇಳಿದದ್ದಕ್ಕೇ ಫ್ರಿಜ್ಜು ‘ಕೆಟ್ಟಿದೆ’ ಎಂದು ವಾಪಸ್ ಒಯ್ಯುವವರು ಮೊದಲು ಅದು ಚಾಲೂ ಆಗುವ ಕ್ಷಣದಲ್ಲಿ ಅದರ ಪ್ಲಗ್ಗಿನಲ್ಲೇ ಮಲ್ಟಿಮೀಟರ್ ಹಿಡಿಯಲಿ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಗೇಣುದ್ದದೊಳಗೆ ಇರಬೇಕು.

ಗ್ಯಾಸಿನಲ್ಲಿ ಮಾತ್ರ ಜರ್ಮನರ ಕಟ್ಟುನಿಟ್ಟನ್ನು ಅಕ್ಷರಶಃ ಪಾಲಿಸಿ. ಸಿಲಿಂಡರಿಗೆ ಕೋಣೆಯಿಂದ ಪೂರ್ತಿ ಬೇರ್ಪಟ್ಟ ಪೆಟ್ಟಿಗೆ, ಬಾಗಿಲು ಹೊರಗಡೆಗೆ, ತಳದಲ್ಲಿ ಹೊರಕ್ಕೆ ತೆರೆದ 100 ಚದರ ಸೆಂ.ಮೀ. ಕಿಂಡಿ. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದ್ದು ನೆಲಕ್ಕಿಳಿದು ಅಲ್ಲೇ ನಿಲ್ಲುತ್ತದೆ. 14.2 ಕಿಲೊ ಮನೆ ಸಿಲಿಂಡರನ್ನು ಮಂಚದ ಕೆಳಗೆ ಅಡ್ಡ ಮಲಗಿಸುವುದನ್ನು ಕಂಡರೆ ಎದೆ ನಡುಗುತ್ತದೆ. 5 ಕಿಲೊದ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಕಟ್ಟಿ. ಸುರಕ್ಷಾ ಪೈಪನ್ನು ಐದು ವರ್ಷಕ್ಕೆ ಬದಲಿಸಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿ.

ಎಂಜಿನ್ ವಿಷಯಕ್ಕೆ ನಮ್ಮ ಮಿಸ್ತ್ರಿಗಳೇ ಮುಂದೆ. ಅಲ್ಲಿ ಸ್ಟಾರ್ಟರ್ ಕೆಟ್ಟರೆ ಪೂರ್ತಿ ಬದಲು. ಕಲಬುರಗಿಯ ರಿಂಗ್ ರೋಡಿನ ಗ್ಯಾರೇಜುಗಳಲ್ಲಿ ಅದೇ ಸ್ಟಾರ್ಟರಿಗೆ ಹೊಸ ತಾಮ್ರ ಸುತ್ತುತ್ತಾರೆ, ರೇಡಿಯೇಟರ್ ಬಿಚ್ಚಿ ಕೊಳವೆಗಳಿಗೆ ಸಲಾಕೆ ಹಾಕಿ ತೊಳೆಯುತ್ತಾರೆ, ಕುಸಿದ ಕಮಾನ್ ಪಟ್ಟಿಗೆ ಮತ್ತೆ ಬಾಗು ಕೊಡುತ್ತಾರೆ. ಓಎಂ616ರ ವಾಲ್ವ್ ಸಂದು ತಣ್ಣಗಿದ್ದಾಗ ಇನ್‌ಟೇಕ್ 0.10, ಎಕ್ಸಾಸ್ಟ್ 0.30 ಮಿ.ಮೀ. ಕೈ ಅಂದಾಜಿಗೆ ಬಿಡದೆ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಾಕಿಸಿ. ರೇಡಿಯೇಟರಿಗೆ ಬೋರ್ ನೀರು ಹಾಕುವುದೇ ದೊಡ್ಡ ಶತ್ರು. ‘ಇಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ’ ಎನ್ನುವವರಿಗೆ ಉತ್ತರ ಇಷ್ಟೆ: ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದು ಪಾಲು ಸಾಕು. ಕುಡಿಯುವ ನೀರಿನ ಪಂಪಿಗೂ ಸವಳು ಕಟ್ಟುತ್ತದೆ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ವರ್ಷಕ್ಕೆರಡು ಸಲ ಹಾಯಿಸಿ ತೊಳೆಯಿರಿ.

ಒಳಗಿನ ಮರಗೆಲಸಕ್ಕೆ 12 ಮಿ.ಮೀ. ಪ್ಲೈವುಡ್ ಸಾಕು. 8×4 ಅಡಿಯ 18 ಮಿ.ಮೀ. ಹಾಳೆ 33 ಕಿಲೊ ತೂಗಿದರೆ ಇದು 22. ಒಲೆಕಟ್ಟೆಗೆ ಶಹಾಬಾದ್ ಕಲ್ಲು ಹಾಕುವ ಮೋಹ ಬೇಡ, 20 ಮಿ.ಮೀ. ಕಲ್ಲು ಚದರ ಮೀಟರಿಗೆ 50 ಕಿಲೊ ದಾಟುತ್ತದೆ. ಈ ಮರಗೆಲಸ ಶುರುವಾಗಬೇಕಾದದ್ದು ಬೇಸಿಗೆಯಲ್ಲಲ್ಲ. ಚಾವಣಿ, ಕಿಟಕಿ ಮುಗಿಸಿ ಖಾಲಿ ಗಾಡಿಯನ್ನು ಮೃಗಶಿರಾ ಮಳೆಗೆ ನಿಲ್ಲಿಸಿ. ಒಮ್ಮೆ ಮೂತಿ ಇಳಿಜಾರಿಗೆ, ಒಮ್ಮೆ ಹಿಂಭಾಗ. ಒಳಗೆ ಕಿಂಡಿ, ಗಾಜುಗಳ ಸುತ್ತ ಸುಣ್ಣದ ಬಳಪದಿಂದ ಗೆರೆ ಎಳೆದಿಡಿ. ಬೆಳಿಗ್ಗೆ ಗೆರೆ ಎಲ್ಲಿ ಅಳಿಸಿದೆಯೋ ಅಲ್ಲಿ ಸೀಲರ್ ಕಿತ್ತು ಹೊಸದು ಹಾಕಿ, ಇನ್ನೊಂದು ಮಳೆ ಕಾಯಿರಿ. ಬಡಗಿಯನ್ನು ಆಮೇಲೆ ಕರೆಯಿರಿ.