ಎಂಜಿನ್ನಿನ ಲಾಯದಲ್ಲಿ ಎಷ್ಟು ಕುದುರೆ?

ಪರಿಚಿತರೊಬ್ಬರು ಕಾರು ಕೊಂಡಿದ್ದಾರೆ. ಬಣ್ಣ ಯಾವುದೆಂದು ಹೇಳುವ ಮೊದಲೇ ಅವರು ಘೋಷಿಸಿದ್ದು ಎಂಜಿನ್ನಿನ ಅಶ್ವಶಕ್ತಿಯನ್ನು: ‘150 ಕುದುರೆ!’ ಸಂಜೆಯಾದರೆ ಆ ಅಶ್ವಸೇನೆ ಕೆಂಪು ದೀಪದ ಮುಂದೆ ಹೊಗೆ ಬಿಡುತ್ತಾ ನಿಂತಿರುತ್ತದೆ. ಪಕ್ಕದಲ್ಲೇ ಸೈಕಲ್ಲೊಂದು ನುಸುಳಿ ಹೋಗುತ್ತದೆ.

‘ಯಾವ ಕುದುರೆ?’ ಎಂದು ಕೇಳಿದೆ. ಕತ್ತೆಯನ್ನು ನೋಡುವಂತೆ ನನ್ನನ್ನು ನೋಡಿದರು.

ಜೇಮ್ಸ್ ವ್ಯಾಟ್ ಉಗಿಯಂತ್ರ ಮಾರಲು ಹೊರಟಾಗ ಗಿರಾಕಿಗಳಿಗೆ ಬೇಕಾಗಿದ್ದದ್ದು ಒಂದೇ ಉತ್ತರ: ಇದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ? ಗಾಣದಂತೆ ಸುತ್ತುವ ಗಿರಣಿ ಕುದುರೆಯನ್ನು ಹಿಡಿದು ಅವನು ಲೆಕ್ಕ ಹಾಕಿದ. 12 ಅಡಿ ತ್ರಿಜ್ಯ, ಗಂಟೆಗೆ 144 ಸುತ್ತು, 180 ಪೌಂಡ್ ಎಳೆತ. ಬಂದ ಉತ್ತರವನ್ನು ತುಸು ಮೇಲಕ್ಕೆತ್ತಿ, ಒಂದು ಅಶ್ವಶಕ್ತಿ ಎಂದರೆ ನಿಮಿಷಕ್ಕೆ 33,000 ಅಡಿ-ಪೌಂಡ್ (ಒಂದು ಪೌಂಡನ್ನು ಒಂದಡಿ ಎತ್ತುವ ಕೆಲಸ ಒಂದು ಅಡಿ-ಪೌಂಡ್) ಎಂದು ನಿಗದಿ ಮಾಡಿದ. ಸಾಧಾರಣ ಕುದುರೆ ದಿನವಿಡೀ ಅಷ್ಟು ದುಡಿಯಲಾರದು. ಎದುರಾಳಿಯನ್ನು ಹೊಗಳಿ ತನ್ನ ಸರಕು ಮಾರಿದ ವ್ಯಾಪಾರಿ ಇನ್ನೊಬ್ಬನಿದ್ದರೆ ತೋರಿಸಿ.

ನಿಜವಾದ ಕುದುರೆ ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಬಲ ಹಾಕಿ ಗಂಟೆಗಟ್ಟಲೆ ಎಳೆಯಬಲ್ಲದು. 700 ಕೆ.ಜಿ.ಯ ದಢೂತಿ ನಡಿಗೆಯ ವೇಗದಲ್ಲಿ ಹೋದರೆ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. 450 ಕೆ.ಜಿ.ಯದ್ದಾದರೆ ಮುಕ್ಕಾಲೂ ಇಲ್ಲ. ಕುದುರೆಯೇ ಒಂದು ಕುದುರೆಯಲ್ಲ!

ಆದರೆ ನಿಂತ ಬಂಡಿಯನ್ನು ಅದು ಕದಲಿಸುವುದನ್ನು ನೋಡಬೇಕು. ತಲೆ ತಗ್ಗುತ್ತದೆ, ಎದೆ ಕೊರಳಪಟ್ಟಿಗೆ ಒರಗುತ್ತದೆ, ಹಿಂಗಾಲಿನ ಲಾಳ ನೆಲಕ್ಕೆ ನಾಟುತ್ತದೆ, ತೊಡೆ ಗಂಟುಗಟ್ಟುತ್ತದೆ. ಚಕ್ರ ಕಿರುಗುಟ್ಟಿ ಉರುಳಿದೊಡನೆ ಮತ್ತೆ ಸಾವಧಾನದ ಹೆಜ್ಜೆ. ಕ್ಷಣಮಾತ್ರದ ಅಂಥ ಗರಿಷ್ಠ ಶಕ್ತಿ ಹದಿನೈದು ಅಶ್ವಶಕ್ತಿಯ ಹತ್ತಿರ ಎಂದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಂದಾಜು ಬಂದಿತ್ತು. ಅಂದರೆ ಒಂದೇ ಪ್ರಾಣಿ ಬೆಳಿಗ್ಗೆ ಮುಕ್ಕಾಲು, ಬಂಡಿ ಕದಲಿಸುವಾಗ ಹದಿನೈದು. ಇದನ್ನೇ ಅಳತೆಗೋಲು ಎನ್ನುತ್ತೇವೆ. ಕುದುರೆಗೆ ಹುರುಳಿಯಾದರೂ ಬೇಕು, ಜಾಹೀರಾತಿನ ಅಂಕಿಗೆ ಹುರುಳೂ ಬೇಡ.

ಪೌರತ್ವದ ಸಮಸ್ಯೆ ಬೇರೆ ಇದೆ. ಬ್ರಿಟಿಷ್ ಕುದುರೆ 746 ವ್ಯಾಟ್, ಆಚೆ ದಡದ ಯುರೋಪಿನ ಮೆಟ್ರಿಕ್ ಕುದುರೆ 735.5. ಇಂಗ್ಲಿಷ್ ಕಡಲ್ಗಾಲುವೆ ದಾಟುವಷ್ಟರಲ್ಲಿ ಬಡಪಾಯಿ ಹತ್ತು ವ್ಯಾಟ್ ಸೊರಗುತ್ತದೆ.

ತೆರಿಗೆಯವರ ಕುದುರೆಗಳಂತೂ ಇನ್ನೊಂದೇ ತಳಿ. ಬ್ರಿಟನ್ನಿನಲ್ಲಿ ಹಿಂದೆ ಕಾರಿನ ತೆರಿಗೆಗೆ ಎಂಜಿನ್ನಿನ ಸಿಲಿಂಡರುಗಳ ಸಂಖ್ಯೆ ಮತ್ತು ಅಗಲವನ್ನಷ್ಟೇ ಅಳೆದು ಕುದುರೆ ಎಣಿಸುತ್ತಿದ್ದರು. ತಯಾರಕರು ಜಾಣರು, ಸಿಲಿಂಡರನ್ನು ಸಣಕಲು ಮಾಡಿ ಉದ್ದ ಬೆಳೆಸಿದರು. ಫ್ರಾನ್ಸಿನಲ್ಲಿ 1948ರಲ್ಲಿ ಬಂದ ಸಿಟ್ರೊಯೆನ್ ಕಾರಿನ ಹೆಸರೇ, ತೆರಿಗೆಯ ಲೆಕ್ಕದಂತೆ, ‘ಎರಡು ಕುದುರೆ’. ಎಂಜಿನ್ನಿನೊಳಗೆ ಇದ್ದದ್ದು ಒಂಬತ್ತು. ಉಳಿದ ಏಳು ತೆರಿಗೆ ಕಚೇರಿಯ ಕಣ್ಣಿಗೆ ಬೀಳಲೇ ಇಲ್ಲ.

ಇಷ್ಟನ್ನೂ ಪರಿಚಿತರಿಗೆ ವಿವರಿಸಿದೆ. ಅವರು ಗಂಭೀರವಾಗಿ ಯೋಚಿಸಿ, ದನಿ ತಗ್ಗಿಸಿ ಕೇಳಿದರು: ‘ಹಾಗಾದರೆ ನನ್ನ 150ರಲ್ಲಿ ಎಷ್ಟನ್ನು ಬಚ್ಚಿಡಬಹುದು?’